ಹುಲಿಯ ಹಿಂದೆ ಹೋಗಬೇಡಿ

ಫೋಟೊ ತೆಗೆಯುವವರನ್ನು ಹುಲಿ ಸಫಾರಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. 12 ವರ್ಷ ಆಯ್ತು. ಬರುವವರೆಲ್ಲ ಯಾವ ಲೆನ್ಸ್ ತರಲಿ ಅಂತ ಕೇಳುತ್ತಾರೆ. ಜೀಪು ಎಲ್ಲಿ ನಿಲ್ಲಿಸುತ್ತೀರಿ ಅಂತ ಕೇಳಿದವರು ಒಬ್ಬರೋ ಇಬ್ಬರೋ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಅದನ್ನೇ. ನನಗೂ ಇದು ಒಂದು ತಪ್ಪು ಮಾಡಿದ ಮೇಲೇ ಗೊತ್ತಾಗಿದ್ದು.

ಕೆಲಸಕ್ಕೆ ಸೇರಿದ ಎರಡನೇ ಬೇಸಿಗೆ. ಬೆಳಿಗ್ಗೆ ಒಂದು ಹೆಣ್ಣು ಹುಲಿ ಕಾಡಿನ ರಸ್ತೆಯಲ್ಲಿ ನಮಗೆ ಬೆನ್ನು ಹಾಕಿ ನಡೆಯುತ್ತಿತ್ತು. ಎಲ್ಲರ ಕ್ಯಾಮೆರಾಗೂ ಸಿಗುತ್ತಿದ್ದದ್ದು ಬಾಲ, ಹಿಂಗಾಲು, ಅಷ್ಟೇ. "ಸಾರ್, ಇನ್ನೊಂಚೂರು ಹತ್ತಿರ" ಅಂತ ಹಿಂದಿನ ಸೀಟಿನಿಂದ ಒಂದೇ ಸಮ. ನಾನು ಡ್ರೈವರಿಗೆ "ಹೋಗೋಣ ಅಣ್ಣಾ" ಅಂದೆ. ಹುಲಿ ನಡಿಗೆ ಜೋರು ಮಾಡಿತು, ನಾವೂ ಜೋರು ಮಾಡಿದೆವು. ಮೂರನೇ ಸಲ ಹತ್ತಿರ ಹೋದಾಗ ಅದು ನಿಂತಿತು, ತಿರುಗಿ ನೋಡಿತು, ಕಿವಿ ಹಿಂದಕ್ಕೆ ಮಡಚಿ ಒಮ್ಮೆ ಗುರುಗುಟ್ಟಿ ಎಡಗಡೆಯ ಲಂಟಾನದೊಳಗೆ ನುಗ್ಗಿಬಿಟ್ಟಿತು. ಸ್ವಲ್ಪ ಹೊತ್ತಿಗೆ ಬಲಗಡೆಯ ಪೊದೆಯಿಂದ ಮರಿಯ ಸಣ್ಣ ಕೂಗು ಕೇಳಿಸಿತು. ತಾಯಿ ಒಂದು ಕಡೆ, ಮರಿ ಇನ್ನೊಂದು ಕಡೆ, ಮಧ್ಯದಲ್ಲಿ ನಮ್ಮ ಜೀಪು. "ಅದರ ದಾರಿಗೆ ಅಡ್ಡ ನಿಂತ್ವಿ ಸಾರ್" ಅಂದರು ಡ್ರೈವರ್ ಅಣ್ಣ. ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ. ಆ ಕೂಗು ನನಗೆ ಎಷ್ಟೋ ದಿನ ಕಿವಿಯಲ್ಲೇ ಇತ್ತು.

ಅವತ್ತಿನಿಂದ ನಾನು ಹುಲಿಯ ಹಿಂದೆ ಜೀಪು ಓಡಿಸಲು ಬಿಟ್ಟಿಲ್ಲ. ಹುಲಿ ಕಂಡ ಕೂಡಲೇ ನಿಲ್ಲುತ್ತೇವೆ, ಅದು ಎಲ್ಲಿಗೆ ಹೊರಟಿದೆ ಅಂತ ಯೋಚಿಸುತ್ತೇವೆ. ಹುಲಿಗೆ ಸಫಾರಿ ರಸ್ತೆ, ಬೆಂಕಿ ರೇಖೆ (ಕಾಡ್ಗಿಚ್ಚು ಹರಡದಂತೆ ಗಿಡ ಕಡಿದು ತೆರವು ಮಾಡಿದ ಪಟ್ಟಿ) ಅಂದರೆ ಇಷ್ಟ. ಮುಳ್ಳಿಲ್ಲ, ಒಣಗಿದ ಎಲೆಯ ಸದ್ದಿಲ್ಲ, ಪಕ್ಕದ ಮರಗಳಿಗೆ ಮೂತ್ರ ಸಿಂಪಡಿಸಿ ತನ್ನ ಗಡಿ ಹೇಳಿಕೊಂಡು ಹೋಗಬಹುದು. ಹಾಗಾಗಿ ರಸ್ತೆ ಹಿಡಿದ ಹುಲಿ, ನಾವು ಕಾಟ ಕೊಡದಿದ್ದರೆ, ಬಹಳ ಸಲ ರಸ್ತೆಯಲ್ಲೇ ಮುಂದುವರಿಯುತ್ತದೆ. ಮುಂದೆ ಸೇರುವ ಇನ್ನೊಂದು ಸಫಾರಿ ದಾರಿ ಇದ್ದರೆ ಸುತ್ತಿಕೊಂಡು ಹೋಗಿ, ದೂರದಲ್ಲೇ ಒಂದು ಬದಿಗೆ ಜೀಪು ಹಾಕಿ, ಎಂಜಿನ್ ಆರಿಸಿ ಕೂತುಬಿಡುತ್ತೇವೆ. ದಾರಿ ಇಲ್ಲದಿದ್ದರೆ ಆ ಫೋಟೊ ಬಿಟ್ಟುಬಿಡುತ್ತೇವೆ.

ಇದೇನು ನಾನು ಕಂಡುಹಿಡಿದದ್ದಲ್ಲ. 1920ರ ದಶಕದಲ್ಲಿ ಎಫ್.ಡಬ್ಲ್ಯೂ. ಚಾಂಪಿಯನ್ ಅನ್ನುವ ಅರಣ್ಯಾಧಿಕಾರಿ ಹುಲಿ ಓಡಾಡುವ ದಾರಿಗೆ ತಂತಿ ಕಟ್ಟಿ ಕ್ಯಾಮೆರಾ ಇಟ್ಟಿದ್ದರು. ಹುಲಿ ತಂತಿ ತುಳಿದಾಗ ತನ್ನ ಫೋಟೊ ತಾನೇ ತೆಗೆದುಕೊಂಡ ಹಾಗೆ! 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿ ಎಣಿಸಲು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದಾಗ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ಕಟ್ಟಿದ್ದೂ ಇಂಥ ದಾರಿಗಳಲ್ಲೇ.

ಹುಲಿ ಕಣ್ಣಿಗೆ ಬೀಳದಿದ್ದಾಗ ಕಿವಿಯೇ ಗತಿ. ಜಿಂಕೆ ಕೂಗಿದರೆ ಹುಲಿಯೇ ಇರಬೇಕೆಂದಿಲ್ಲ, ಚಿರತೆಗೂ ಕಾಡುನಾಯಿಗೂ ಅದು ಕೂಗುತ್ತದೆ. ಕಡವೆ ಬಾಲ ಎತ್ತಿ, ಕಾಲು ನೆಲಕ್ಕೆ ಬಡಿದು, ಒಂದೇ ಜಾಗ ನೋಡುತ್ತಾ ಮತ್ತೆ ಮತ್ತೆ ಕೂಗಿದರೆ ನಾನು ಜಾಸ್ತಿ ನಂಬುತ್ತೇನೆ. ಮುಸುವ ಮರದ ಮೇಲಿಂದ ಕೂಗಿದರೆ ಅದರ ಮುಖ ಯಾವ ಕಡೆಗಿದೆ ಅಂತ ನೋಡಿ, ಯಾಕೆಂದರೆ ಅದಕ್ಕೆ ಹುಲಿ ಕಾಣಿಸುತ್ತಿರುತ್ತದೆ. ಮೊದಲ ಕೂಗು ಇಲ್ಲಿ, ಐದು ನಿಮಿಷ ಬಿಟ್ಟು ಇನ್ನೊಂದು ಅಲ್ಲಿ. ಎರಡನ್ನೂ ಮನಸ್ಸಿನಲ್ಲೇ ಗೆರೆ ಎಳೆದು ಸೇರಿಸಿದರೆ ಬೇಸಿಗೆಯಲ್ಲಿ ಆ ಗೆರೆ ಎಷ್ಟೋ ಸಲ ಒಂದು ಕೆರೆಗೆ ಹೋಗಿ ಮುಟ್ಟುತ್ತದೆ.

ದೂರ ನಿಂತರೆ ಫೋಟೊ ಕೆಡುತ್ತದೆ ಅಂತ ಹೊಸಬರಿಗೆ ಭಯ. ಲೆಕ್ಕ ಹಾಕಿ ನೋಡಿ. ಜೀಪಿನಲ್ಲಿ ಕ್ಯಾಮೆರಾ ನೆಲದಿಂದ ಸುಮಾರು 2 ಮೀಟರ್ ಮೇಲಿರುತ್ತದೆ, ಹುಲಿಯ ಕಣ್ಣು ಅದರ ಅರ್ಧ ಎತ್ತರವೂ ಇರಲ್ಲ. 10 ಮೀಟರ್ ಹತ್ತಿರ ಹೋದರೆ ಅದರ ತಲೆಯನ್ನು ಮೇಲಿಂದ ನೋಡಿದ ಹಾಗಾಗುತ್ತದೆ. 50 ಮೀಟರಿನಿಂದ, ದೂರದ್ದನ್ನು ಹತ್ತಿರ ತೋರಿಸುವ 500 ಎಂಎಂ ಲೆನ್ಸ್ ಹಿಡಿದರೆ ಹೆಚ್ಚುಕಡಿಮೆ ಕಣ್ಣಿಗೆ ಕಣ್ಣು ಸೇರುತ್ತದೆ, ಹಿಂದಿನ ಕಾಡೂ ಮೃದುವಾಗಿ ಮಸುಕಾಗುತ್ತದೆ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿ ಕನಿಷ್ಠ 20 ಮೀಟರ್ ದೂರ ಇರಿ ಅನ್ನುತ್ತದೆ. ನನಗೆ ಅದೂ ಹತ್ತಿರವೇ. ಒಂದು ಮಾತು ಮಾತ್ರ ನೆನಪಿರಲಿ, ಬಿಸಿಲೇರಿದ ಮೇಲೆ ನೆಲದ ಕಾವಿಗೆ ಗಾಳಿ ನಡುಗುತ್ತದೆ, ಆಗ ದೂರದಿಂದ ಎಂಥ ಲೆನ್ಸಿನಲ್ಲೂ ಕೂದಲು ಚೂಪಾಗಿ ಬರಲ್ಲ.

ಕಾಯುವ ಹೊತ್ತಿನಲ್ಲಿ ಸೆಟ್ಟಿಂಗ್ ಮುಗಿಸಿಕೊಳ್ಳಿ. ನಡೆಯುವ ಹುಲಿಗೆ ಶಟರ್ ವೇಗ 1/1000 ಸೆಕೆಂಡ್ ಇಡಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿದರೆ ಏರಲಿ. ಅದರಿಂದ ಬರುವ ಗ್ರೇನ್, ಅಂದರೆ ಚುಕ್ಕೆಚುಕ್ಕೆ, ಸರಿ ಮಾಡಬಹುದು, ಅಲುಗಿದ ಮುಖ ಸರಿ ಮಾಡಲು ಆಗಲ್ಲ. ಬಿಸಿಲಿದ್ದರೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಕೆನ್ನೆಯ ಬಿಳಿ ಸುಟ್ಟುಹೋಗುತ್ತದೆ. ಮಧ್ಯೆ ಹುಲ್ಲು ಅಡ್ಡ ಇದ್ದರೆ ಹುಲಿಯ ಕಣ್ಣಿನ ಮೇಲೆ ಒಂದೇ ಫೋಕಸ್ ಪಾಯಿಂಟ್ ಇಡಿ. ಲೆನ್ಸ್ ಅಲುಗದ ಹಾಗೆ ಅದರ ಕೆಳಗಿಡುವ ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಮರೆಯಬೇಡಿ.

ಮಾರನೇ ವರ್ಷ ಅದೇ ಹೆಣ್ಣು ಹುಲಿ ಮತ್ತೆ ಸಿಕ್ಕಿತು. ಬಲ ಪಕ್ಕೆಯ ಪಟ್ಟೆ ನನ್ನ ಹಳೇ ಫೋಟೊಗೆ ಕೂಡಿಸಿ ನೋಡಿ ಗುರುತು ಹಿಡಿದೆ. ಅವತ್ತು ಕಡವೆ ಕೂಗು ಕೇಳಿ ಕೆರೆಯ ಏರಿಯಿಂದ ದೂರ ನಿಂತಿದ್ದೆವು. 40 ನಿಮಿಷ ಆಗಿತ್ತು. ಅದು ಪೊದೆಯಿಂದ ಹೊರಗೆ ಬಂದು ನಮ್ಮನ್ನು ಒಮ್ಮೆ ನೋಡಿ ರಸ್ತೆ ಮಧ್ಯದಲ್ಲೇ ಕೂತಿತು. ಅದರ ಹಿಂದೆ, ಹೆಚ್ಚುಕಡಿಮೆ ತಾಯಿಯಷ್ಟೇ ಬೆಳೆದ ಎರಡು ಮರಿಗಳು, ಅವಸರ ಇಲ್ಲದೆ ರಸ್ತೆ ದಾಟಿ ನೀರಿಗಿಳಿದವು.