ಇನ್ನೂ ಬಂದಿಲ್ಲ, ಅಷ್ಟೇ

ಮದುವೆಯಾಗಿ ಮಂಡ್ಯಕ್ಕೆ ಬಂದು ಆರು ವರ್ಷ. ಇವತ್ತೂ ನಾನು ಮಾಡಿದ ಮುದ್ದೆಯಲ್ಲಿ ಗಂಟು. ಎಣಿಸಿದೆ, ಮೂರು. (ಇಲ್ಲಿ ಮುದ್ದೆಗೆ ಹಿಟ್ಟು ಅಂತಾರೆ. ಅದು ಗೊತ್ತಾಗೋಕೇ ನನಗೆ ಒಂದು ವಾರ ಬೇಕಾಯ್ತು.)

ಮೊದಲೆಲ್ಲ "ನಂಗಿದು ಬರಲ್ಲ ಅತ್ತೆ" ಅಂತ ಕೋಲು ಅವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತಿದ್ದೆ. ಹೊಸಬಳು ಅಂತ ಸುಮ್ಮನಿರುತ್ತಿದ್ದರು. ಒಂದು ದಿನ ಮಾತ್ರ ಕೋಲು ವಾಪಸ್ ಕೊಟ್ಟು, "ಬರಾಕಿಲ್ಲ ಅಂತ ಯಾಕವ್ವ ಅಂತೀಯ? ಇನ್ನೂ ಬಂದಿಲ್ಲ ಅನ್ನು" ಅಂದರು.

ಆಮೇಲೆ ಎಲ್ಲೋ ಓದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಮನಃಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಹೇಳೋದೂ ಹೆಚ್ಚುಕಮ್ಮಿ ಇದನ್ನೇ. 'ಇನ್ನೂ' ಅನ್ನೋ ಒಂದು ಮಾತು ಸೇರಿದರೆ ಕಲಿಯೋಕೆ ಜಾಗ ಉಳಿಯುತ್ತೆ ಅಂತ. ಅತ್ತೆಗೆ ಹೇಳಿದೆ. "ಅವಳಿಗೆ ಹಿಟ್ಟು ತಿರುವಾಕೆ ಬತ್ತದಾ?" ಅಂತ ಕೇಳಿದರು.

ಸುಮ್ನೆ ದಿನಾ ಮಾಡಿದರೆ ಬಂದುಬಿಡಲ್ಲ ಅನ್ನೋದು ನನಗೆ ತಡವಾಗಿ ಹೊಳೆಯಿತು. ನಾಲ್ಕು ವರ್ಷ ಒಂದೇ ತಪ್ಪು. ಹಿಟ್ಟು ಸುರಿದ ತಕ್ಷಣ ತಿರುವುತ್ತಿದ್ದೆ. ಈಗ ಕುದಿಯೋ ನೀರಿನ ನಡುವೆ ಗುಡ್ಡೆ ಹಾಕಿ, ಉರಿ ಸಣ್ಣ ಮಾಡಿ, ಮುಟ್ಟದೆ ಬೇಯೋಕೆ ಬಿಡ್ತೀನಿ. ಆಮೇಲೆ ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವೋದು. ಗಂಟು ಕಮ್ಮಿಯಾಗಿದೆ. ರಟ್ಟೆ ನೋವು ಮಾತ್ರ ಹಾಗೇ ಇದೆ.

ಇವತ್ತು ಸಿಕ್ಕ ಗಂಟನ್ನು ಅತ್ತೆ ತಟ್ಟೆಯ ಅಂಚಿಗೆ ಇಟ್ಟರು. ಉಳಿದಿದ್ದನ್ನು ಬಸ್ಸಾರಲ್ಲಿ ಅದ್ದಿ ನುಂಗಿದರು. ಏನೂ ಹೇಳಲಿಲ್ಲ. ಎರಡನೇ ಮುದ್ದೆ ಹಾಕಿಸಿಕೊಂಡರು.