ಹಳೇ ಬೈಕನ್ನು ಇದ್ದ ಹಾಗೇ ಇಡಬೇಕಾ, ಬದಲಾಯಿಸಬಹುದಾ?

ಮನೆಯಲ್ಲೇ ಹಳೇ ಬೈಕ್ ಬಿಚ್ಚಿ ಕಟ್ಟುತ್ತೇನೆ ಅಂತ ಗೊತ್ತಾದ ಕೂಡಲೇ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ. "ಅಪ್ಪನ ಕಾಲದ ಗಾಡಿ ಸುಮ್ನೆ ನಿಂತಿದೆ. ಕಂಪನಿಯಿಂದ ಬಂದ ಹಾಗೇ ರೆಡಿ ಮಾಡೋದಾ, ಇಲ್ಲ ಹ್ಯಾಂಡಲ್ ತಗ್ಗಿಸಿ, ಸೀಟು ಚಿಕ್ಕದು ಮಾಡಿ ಕೆಫೆ ರೇಸರ್ ಥರ ಮಾಡ್ಕೊಳ್ಳೋದಾ?"

ನನ್ನ ಉತ್ತರ ಯಾವಾಗಲೂ ಇದೇ. ಮೊದಲು ಇದ್ದ ರೂಪದಲ್ಲೇ ಅದನ್ನು ಓಡುವ ಹಾಗೆ ಮಾಡಿ. ಸ್ವಲ್ಪ ದಿನ ಓಡಿಸಿ. ಆಮೇಲೆ, ಬೋಲ್ಟ್ ಬಿಚ್ಚಿ ಮತ್ತೆ ಹಳೇದನ್ನೇ ಕೂರಿಸಬಹುದು ಅನ್ನುವಂಥದ್ದು ಏನಿದ್ದರೂ ಧೈರ್ಯವಾಗಿ ಬದಲಾಯಿಸಿ. ಕಬ್ಬಿಣ ಕತ್ತರಿಸುವ ಗ್ರೈಂಡರ್ ಮಾತ್ರ ಚಾಸಿ ಹತ್ತಿರ ತರಬೇಡಿ.

ಮೊದಲು ಓಡಿಸಿ ಅನ್ನುವುದಕ್ಕೆ ಕಾರಣ ಇದೆ. ನಿಂತ ಬೈಕ್ ನೋಡಿದರೆ ಅದರ ರೂಪ ಮಾತ್ರ ಕಾಣುತ್ತದೆ. ಅದು ಎಲ್ಲಿ ನಡುಗುತ್ತದೆ, ಬ್ರೇಕ್ ಎಷ್ಟು ಹಿಡಿಯುತ್ತದೆ, ಯಾವ ವೇಗದಲ್ಲಿ ಇಂಜಿನ್ ಹಾಯಾಗಿರುತ್ತದೆ ಅನ್ನುವುದು ಕೂತು ಓಡಿಸಿದವರಿಗಷ್ಟೇ ಗೊತ್ತು. ಆಗ ಬದಲಾವಣೆಯ ಪಟ್ಟಿ ತಾನಾಗಿ ಬೇರೆ ಆಗುತ್ತದೆ. ಉದ್ದ ಸೀಟು ಕತ್ತರಿಸಬೇಕು ಅಂದುಕೊಂಡವರು ಹೆಡ್‌ಲೈಟ್ ಮತ್ತು ಬ್ರೇಕ್ ಬಗ್ಗೆ ಯೋಚನೆ ಮಾಡಲು ಶುರು ಮಾಡುತ್ತಾರೆ. ಹಾಗೆ ಆಗುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಕೆಫೆ ರೇಸರ್ ಅನ್ನುವುದು ಹುಟ್ಟಿದ್ದೂ ಹೀಗೇ. 1950, 60ರ ದಶಕದ ಇಂಗ್ಲೆಂಡಿನ ಹುಡುಗರಿಗೆ ಬೇಕಾಗಿದ್ದು ವೇಗ. ನಾರ್ಟನ್ ಕಂಪನಿಯ ಫೆದರ್‌ಬೆಡ್ ಚಾಸಿ 1950ರಲ್ಲಿ ರೇಸಿಗೆ ಇಳಿದಾಗ, ತಿರುವಿನಲ್ಲಿ ಅದರಷ್ಟು ಗಟ್ಟಿಯಾಗಿ ನಿಲ್ಲುವ ಚಾಸಿಗಳು ಕಡಿಮೆ ಇದ್ದವು. ಟ್ರಯಂಫ್‌ನ ಎರಡು ಸಿಲಿಂಡರ್ ಇಂಜಿನ್‌ಗೆ ಒಳ್ಳೆಯ ಹೆಸರಿತ್ತು. ಆ ಇಂಜಿನ್ ತಂದು ಈ ಚಾಸಿಯಲ್ಲಿ ಕೂರಿಸಿದರು, ಟ್ರೈಟನ್ ಅಂತ ಹೆಸರಾಯಿತು. ಹ್ಯಾಂಡಲ್ ಕೆಳಗಿಳಿದಿದ್ದು ಗಾಳಿ ಎದೆಗೆ ಹೊಡೆಯದಿರಲಿ ಅಂತ. ಮಡ್‌ಗಾರ್ಡ್ ಚಿಕ್ಕದಾಗಿದ್ದು ತೂಕ ಇಳಿಯಲಿ ಅಂತ. ಒಂದೊಂದಕ್ಕೂ ಒಂದು ಕೆಲಸ ಇತ್ತು. ಇವತ್ತು ಆ ರೂಪವನ್ನಷ್ಟೇ ಇಟ್ಟುಕೊಂಡು ಕೆಲಸವನ್ನು ಬಿಟ್ಟರೆ, ಬೆನ್ನು ನೋಯುವ, ಮೊದಲಿಗಿಂತ ನಿಧಾನ ಓಡುವ ಗಾಡಿ ಕೈಗೆ ಬರುತ್ತದೆ. ನಿಮ್ಮ ಬದಲಾವಣೆ ಯಾವ ತೊಂದರೆಗೆ ಪರಿಹಾರ ಅಂತ ಒಂದು ಸಾಲಿನಲ್ಲಿ ಹೇಳಲು ಬಂದರೆ ಮುಂದುವರಿಯಿರಿ.

ಇನ್ನು ಬಿಚ್ಚುವ ಕೆಲಸ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಹಳೇ ಗಾಡಿಗಳು ಕೆಡುವುದು ಹೆಚ್ಚಾಗಿ ಇಲ್ಲೇ.

ಹಳೇ ಜಪಾನಿ ಬೈಕ್‌ನ ಇಂಜಿನ್ ಕವರ್ ನೋಡಿ. ಸುತ್ತ ಪ್ಲಸ್ ತಲೆಯ ಸ್ಕ್ರೂಗಳಿರುತ್ತವೆ. ಮನೆಯಲ್ಲಿರುವ ಮಾಮೂಲಿ ಸ್ಕ್ರೂ ಡ್ರೈವರ್ ಇಟ್ಟು ತಿರುಗಿಸಿದರೆ ಅದು ಜಾರಿ ಮೇಲೆದ್ದು ತಲೆಯನ್ನು ಸವೆಸಿಬಿಡುತ್ತದೆ. ಎಲ್ಲರೂ ಸ್ಕ್ರೂವನ್ನು ಬೈಯುತ್ತಾರೆ. ನಿಜ ಏನೆಂದರೆ ಅವು ಮಾಮೂಲಿ ಪ್ಲಸ್ ತಲೆಯ, ಅಂದರೆ ಫಿಲಿಪ್ಸ್ ಅಳತೆಯ ಸ್ಕ್ರೂಗಳೇ ಅಲ್ಲ, ಜೆಐಎಸ್ ಅನ್ನುವ ಜಪಾನಿ ಅಳತೆಯವು. ಹಲವು ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಗುರುತು ಇರುತ್ತದೆ. ಫಿಲಿಪ್ಸ್ ಡ್ರೈವರ್‌ನ ತುದಿ ಆ ಗುಳಿಯ ತಳದವರೆಗೆ ಕೂರುವುದಿಲ್ಲ, ಅದಕ್ಕೇ ಜಾರುವುದು. ಜೆಐಎಸ್ ತುದಿಯ ಡ್ರೈವರ್ ಇಟ್ಟು, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಹೊಡೆದ ಏಟಿಗೆ ತಿರುಗುವ ಇಂಪ್ಯಾಕ್ಟ್ ಡ್ರೈವರ್‌ಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಎಷ್ಟೋ ವರ್ಷ ಅಲ್ಲಾಡದ ಸ್ಕ್ರೂ ಟಕ್ ಅಂತ ಬಿಡುತ್ತದೆ.

ಹಳೇ ಬ್ರಿಟಿಷ್ ಬೈಕ್‌ಗಳದ್ದು ಬೇರೆಯದೇ ಲೆಕ್ಕ. ಅಲ್ಲಿ ವಿಟ್‌ವರ್ತ್ ಅಳತೆ ಬರುತ್ತದೆ. ಜೋಸೆಫ್ ವಿಟ್‌ವರ್ತ್ ಅನ್ನುವವರು 1841ರಲ್ಲಿ ಮುಂದಿಟ್ಟ ಅಳತೆ ಅದು. ಅದರ ಥ್ರೆಡ್‌ನ, ಅಂದರೆ ಬೋಲ್ಟ್ ಮೇಲಿನ ಸುರುಳಿ ಗೆರೆಯ ಕೋನ 55 ಡಿಗ್ರಿ, ಈಗಿನ ಮೆಟ್ರಿಕ್ ಥ್ರೆಡ್‌ನದ್ದು 60 ಡಿಗ್ರಿ. ಹತ್ತಿರದ ಮೆಟ್ರಿಕ್ ಬೋಲ್ಟ್ ಹುಡುಕಿ ಒತ್ತಿ ತಿರುಗಿಸಿದರೆ ಎರಡು ಸುತ್ತು ಹೋಗುತ್ತದೆ, ಮೂರನೆಯದರಲ್ಲಿ ಅಲ್ಯೂಮಿನಿಯಂ ಕೇಸಿನ ಥ್ರೆಡ್ ಪುಡಿಯಾಗಿ ಹೊರಗೆ ಬರುತ್ತದೆ. ಬೋಲ್ಟ್ ಬೆರಳಲ್ಲೇ ಕೆಲವು ಸುತ್ತು ಸಲೀಸಾಗಿ ಒಳಗೆ ಹೋಗಬೇಕು. ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಕವರ್ ಬಿಚ್ಚುವ ಮುಂಚೆ ಒಂದು ರಟ್ಟು ತೆಗೆದುಕೊಂಡು ಅದರ ಮೇಲೆ ಕವರ್‌ನ ಆಕಾರ ಬರೆಯಿರಿ. ಸ್ಕ್ರೂ ಇರುವ ಜಾಗದಲ್ಲೆಲ್ಲ ತೂತು ಮಾಡಿ, ತೆಗೆದ ಸ್ಕ್ರೂವನ್ನು ಅದೇ ತೂತಿಗೆ ಚುಚ್ಚುತ್ತಾ ಹೋಗಿ. ಒಂದೇ ಕವರ್‌ನಲ್ಲಿ ಮೂರು ನಾಲ್ಕು ಉದ್ದದ ಸ್ಕ್ರೂ ಇರುವುದು ಸಾಮಾನ್ಯ. ಉದ್ದದ್ದು ಗಿಡ್ಡದರ ಜಾಗಕ್ಕೆ ಹೋದರೆ ತಳಕ್ಕೆ ತಾಗಿ ಕೇಸು ಬಿರುಕು ಬಿಡುತ್ತದೆ. ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಸಾಕಲ್ವಾ ಅಂತ ಕೇಳುತ್ತಾರೆ. ಫೋಟೋ ಬೇಕೇ ಬೇಕು, ಆದರೆ ಸ್ಕ್ರೂವಿನ ಉದ್ದ ಫೋಟೋದಲ್ಲಿ ಕಾಣುವುದಿಲ್ಲ.

ಇಂಜಿನ್ ಜಾಮ್ ಆಗಿದ್ದರೆ ಕಿಕ್ಕರ್ ಮೇಲೆ ಹತ್ತಿ ನಿಲ್ಲಬೇಡಿ. ಸ್ಪಾರ್ಕ್ ಪ್ಲಗ್ ತೂತಿನಿಂದ ಎಣ್ಣೆ ಬಿಟ್ಟು ಕೆಲವು ದಿನ ಬಿಡಿ. ಪಿಸ್ಟನ್ ರಿಂಗ್ ತುಕ್ಕಿನಿಂದ ಸಿಲಿಂಡರ್‌ಗೆ ಅಂಟಿಕೊಂಡಿದ್ದರೆ ಬಲ ಹಾಕಿದಾಗ ರಿಂಗ್ ಮುರಿಯುತ್ತದೆ, ಮುರಿದ ಚೂರು ಸಿಲಿಂಡರನ್ನು ಗೀರುತ್ತದೆ. ಎಣ್ಣೆಗೆ ಬಿಟ್ಟುಕೊಟ್ಟರೆ ಬಹಳ ಸಲ ಹೆಡ್ ಬಿಚ್ಚಿ ಮೆಲ್ಲಗೆ ತಟ್ಟಿದಾಗ ಪಿಸ್ಟನ್ ಕದಲುತ್ತದೆ. ಸವೆದ ಸಿಲಿಂಡರ್‌ಗೆ ಬೋರ್ ಹಾಕಿಸಿ, ಅಂದರೆ ಒಳಗೋಡೆ ಕೊರೆದು ಅಗಲ ಮಾಡಿಸಿ, 0.25 ಅಥವಾ 0.50 ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕುವ ದಾರಿ ಇದ್ದೇ ಇದೆ. ಆದರೆ ಒಂದೊಂದು ಬೋರ್‌ಗೂ ಸಿಲಿಂಡರ್ ಗೋಡೆ ತೆಳುವಾಗುತ್ತದೆ. ಒಳಗೋಡೆಯನ್ನು ಬರೀ ಉಜ್ಜುವ ಹೋನಿಂಗ್‌ನಲ್ಲೇ ಮುಗಿಯುವುದಾದರೆ ಬೋರ್ ಹಾಕಿಸಬೇಡಿ.

ಬ್ರೇಕ್ ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಬಾಯಿಂದ ಊದುವುದು, ಏರ್ ಹೊಡೆಯುವುದು ಬೇಡ. ಹಳೇ ಬ್ರೇಕ್ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಟೈರ್‌ನ ತಾರೀಖನ್ನೂ ನೋಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದ್ದು ಅಂತ ಅರ್ಥ. ಮೂರೇ ಅಂಕಿ ಇದ್ದರೆ 2000ಕ್ಕೂ ಮೊದಲಿನದು. ಟೈರಿನ ಮೇಲಿನ ಗೆರೆ ಎಷ್ಟೇ ಆಳವಾಗಿ ಉಳಿದಿರಲಿ, ಅದರ ಮೇಲೆ ರಸ್ತೆಗೆ ಇಳಿಯಬೇಡಿ.

ಗಾಡಿ ಓಡಲು ಶುರುವಾಯಿತು ಅಂತಿಟ್ಟುಕೊಳ್ಳಿ. ಈಗ ಬದಲಾವಣೆ.

ನಾನು ಕಣ್ಣು ಮುಚ್ಚಿ ಹೌದು ಅನ್ನುವುದು ಕರೆಂಟಿನ ಕೆಲಸಕ್ಕೆ. 6 ವೋಲ್ಟಿನ ಗಾಡಿಯನ್ನು 12 ವೋಲ್ಟಿಗೆ ತಿರುಗಿಸಿ. 35 ವ್ಯಾಟಿನ ಬಲ್ಬು 6 ವೋಲ್ಟಿನಲ್ಲಿ ಹೆಚ್ಚುಕಡಿಮೆ 6 ಆಂಪಿಯರ್ ಎಳೆಯುತ್ತದೆ, 12 ವೋಲ್ಟಿನಲ್ಲಿ 3 ಸಾಕು. ಕರೆಂಟ್ ಅರ್ಧವಾದರೆ ಹಳೇ ಸ್ವಿಚ್ಚು, ತುಕ್ಕು ಹಿಡಿದ ಕನೆಕ್ಷನ್‌ಗಳಲ್ಲಿ ಸೋರಿಹೋಗುವುದೂ ಇಳಿಯುತ್ತದೆ. ಬಲ್ಬು, ಬ್ಯಾಟರಿ, ರೆಗ್ಯುಲೇಟರ್, ಹಾರ್ನ್ ಬದಲಾಗುತ್ತವೆ, ಕೆಲವು ಗಾಡಿಗಳಲ್ಲಿ ಕಾಯಿಲ್ ಕೂಡ. ಹಾಗೇ ಪ್ಲಗ್ಗಿನ ಕಿಡಿಯ ಸಮಯ ನಿರ್ಧರಿಸುವ ಕಾಂಟ್ಯಾಕ್ಟ್ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು. ಪಾಯಿಂಟ್‌ನ ಕಾಲು ಸವೆದ ಹಾಗೆ ಗ್ಯಾಪ್ ಕಡಿಮೆಯಾಗುತ್ತದೆ, ಕಿಡಿ ತಡವಾಗಿ ಬರುತ್ತದೆ, ಪಿಕಪ್ ಬೀಳುತ್ತದೆ. ಎಲೆಕ್ಟ್ರಾನಿಕ್ ಒಳಗೆ ಈ ಸವೆತವೇ ಇಲ್ಲ. ಅದು ಅದೇ ಹಳೇ ಕವರ್‌ನ ಕೆಳಗೆ ಕೂರುತ್ತದೆ. ಪಾಯಿಂಟ್ ಪ್ಲೇಟನ್ನು ಡಬ್ಬಿಯಲ್ಲಿ ಇಟ್ಟರೆ ಯಾವತ್ತು ಬೇಕಾದರೂ ವಾಪಸ್ ಹಾಕಬಹುದು. ಬದಲಾವಣೆ ಅಂದರೆ ನನಗೆ ಇದು.

ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದರೆ ಅರ್ತಿಂಗ್ ಬೋಲ್ಟ್ ಕೂರುವ ಜಾಗವನ್ನು ಕೆರೆದು ಕಬ್ಬಿಣ ಕಾಣುವ ಹಾಗೆ ಮಾಡಿ. ಹೊಸದಾಗಿ ಕಟ್ಟಿದ ಗಾಡಿಯಲ್ಲಿ ಲೈಟು ಮಿಣಮಿಣ ಅಂದರೆ ನಾನು ಮೊದಲು ನೋಡುವುದು ಅಲ್ಲೇ.

ಚೈನ್ ಸುತ್ತುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ ಕೂಡ ಒಳ್ಳೆಯ ಬದಲಾವಣೆ. ಮುಂದಿನ 15 ಹಲ್ಲಿನದರ ಬದಲು 16 ಹಲ್ಲಿನದು ಹಾಕಿದರೆ ಅದೇ ವೇಗಕ್ಕೆ ಇಂಜಿನ್ ಸುಮಾರು 6 ಪರ್ಸೆಂಟ್ ನಿಧಾನ ತಿರುಗುತ್ತದೆ. ದೂರದ ಓಟಕ್ಕೆ ಹಿತ. ಏರಿನಲ್ಲಿ ಸ್ವಲ್ಪ ಬೇಗ ಗೇರ್ ಇಳಿಸಬೇಕಾಗುತ್ತದೆ, ಅಷ್ಟೆ.

ನಾನು ತಡೆಯುವುದು ಎರಡು ಕಡೆ. ಒಂದು, ಏರ್ ಫಿಲ್ಟರ್ ಡಬ್ಬಿ ಕಿತ್ತು ಕಾರ್ಬರೇಟರ್‌ಗೆ ನೇರವಾಗಿ ಪಾಡ್ ಫಿಲ್ಟರ್ ಅನ್ನುವ ಚಿಕ್ಕ ಫಿಲ್ಟರ್ ಸಿಕ್ಕಿಸುವುದು. ನೋಡಲು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ 1968ರಲ್ಲಿ ಬಂದ ಹೋಂಡಾ ಸಿಬಿ350 ಥರದ ಗಾಡಿಗಳಲ್ಲಿ ಕಾರ್ಬರೇಟರ್ ಒಳಗೆ ಗಾಳಿಯ ದಾರಿ ತೆರೆಯುವ ಸ್ಲೈಡ್ ಏಳುವುದು ಕೇಬಲ್ಲಿನಿಂದಲ್ಲ, ಗಾಳಿಯ ಒತ್ತಡದ ವ್ಯತ್ಯಾಸದಿಂದ. ಅದಕ್ಕೆ ಒಂದೇ ಸಮನೆ ಬರುವ ಶಾಂತ ಗಾಳಿ ಬೇಕು. ಆ ಗಾಳಿ ಕೊಡುತ್ತಿದ್ದದ್ದೇ ಆ ಡಬ್ಬಿ. ಅದನ್ನು ತೆಗೆದರೆ ಪಕ್ಕದಿಂದ ಬೀಸುವ ಗಾಳಿಗೂ ಸ್ಲೈಡ್ ಅಲುಗಾಡುತ್ತದೆ, ನಡುವಿನ ವೇಗದಲ್ಲಿ ಗಾಡಿ ಮುಗ್ಗರಿಸುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಇಂಜಿನ್ ಕಾಯುತ್ತದೆ. ಪ್ಲಗ್ ಬಿಚ್ಚಿದಾಗ ತುದಿ ಸುಣ್ಣದ ಹಾಗೆ ಬೆಳ್ಳಗಿದ್ದರೆ ಅದೇ ಗುರುತು. ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಾಯಿಸಿ, ಓಡಿಸಿ, ಪ್ಲಗ್ ನೋಡಿ, ಮತ್ತೆ ಜೆಟ್ ಬದಲಾಯಿಸುವ ತಾಳ್ಮೆ ಇದ್ದವರು ಮಾಡಲಿ.

ಎರಡನೆಯದು ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರ್. ಫೋರ್ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಬದಲಾದರೆ ಸದ್ದು ಬದಲಾಗುತ್ತದೆ, ಓಟದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ. ಟೂ ಸ್ಟ್ರೋಕ್‌ನಲ್ಲಿ ಹಾಗಲ್ಲ, ಅಲ್ಲಿ ಸೈಲೆನ್ಸರ್ ಇಂಜಿನ್‌ನ ಒಂದು ಭಾಗವೇ. ಹೊಗೆಯ ಜೊತೆ ಸ್ವಲ್ಪ ಹೊಸ ಪೆಟ್ರೋಲ್ ಮಿಶ್ರಣವೂ ಪೈಪಿಗೆ ಜಾರುತ್ತದೆ. ಪೈಪಿನ ಕೊನೆಯ ಇಳಿಜಾರಿಗೆ ಬಡಿದು ಹಿಂದೆ ಬರುವ ಒತ್ತಡದ ಅಲೆ ಅದನ್ನು ಹೊಗೆ ಹೊರಹೋಗುವ ಪೋರ್ಟ್ ಮುಚ್ಚುವ ಮೊದಲು ಸಿಲಿಂಡರಿನೊಳಗೆ ವಾಪಸ್ ತಳ್ಳುತ್ತದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಈ ಅಲೆಯನ್ನು ಪಳಗಿಸಿ ರೇಸ್ ಬೈಕ್‌ಗಳ ಶಕ್ತಿಯನ್ನೇ ಬದಲಾಯಿಸಿದರು. ಅಲೆ ಯಾವ ಕ್ಷಣಕ್ಕೆ ವಾಪಸ್ ಬರಬೇಕು ಅನ್ನುವುದು ಪೈಪಿನ ಉದ್ದ, ದಪ್ಪ, ಇಳಿಜಾರಿನ ಲೆಕ್ಕ. ನೋಡಲು ಚೆಂದ ಅಂತ ಪೈಪ್ ಗಿಡ್ಡ ಮಾಡಿದರೆ ಆ ಲೆಕ್ಕ ತಪ್ಪುತ್ತದೆ. ಸದ್ದು ಜಾಸ್ತಿ ಆಗುತ್ತದೆ, ಎಳೆತ ಹೋಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲೂ ಕಡಿಮೆಯಾದರೆ ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಕೊಂಡು ಸೀಜ್ ಆಗುತ್ತದೆ.

ಈಗ ಚಾಸಿಯ ವಿಷಯ. ಹಿಂದಿನ ಭಾಗ ಕತ್ತರಿಸಿ ಒಂದು ಕಮಾನು ಬೆಸೆದು ಚಿಕ್ಕ ಸೀಟು ಕೂರಿಸುವುದು ಕೆಫೆ ರೇಸರ್ ಅಂದ ಕೂಡಲೇ ಎಲ್ಲರಿಗೂ ಹೊಳೆಯುವ ಕೆಲಸ. ಹಿಂದಿನ ಶಾಕ್ ಅಬ್ಸಾರ್ಬರ್‌ನ ಮೇಲಿನ ತುದಿ ಕೂರುವುದು ಅದೇ ಕೊಳವೆಗಳ ಮೇಲೆ. ಗುಂಡಿಗೆ ಬಿದ್ದಾಗ ನಿಮ್ಮ ತೂಕ, ಗಾಡಿಯ ತೂಕ ಎಲ್ಲ ಬಂದು ಹೊಡೆಯುವುದು ಅಲ್ಲಿಗೇ. ಎರಡು ಕೊಳವೆಗಳನ್ನು ಜೋಡಿಸಿದ ಅಡ್ಡಪಟ್ಟಿ ಕೇವಲ ಮಡ್‌ಗಾರ್ಡ್ ಹಿಡಿಯಲು ಇದ್ದದ್ದಲ್ಲ, ಅವು ತಿರುಚದ ಹಾಗೆ ಕಾಯುತ್ತಿತ್ತು. ಅದನ್ನು ತೆಗೆದ ಗಾಡಿ ಮನೆ ಮುಂದೆ ಚೆನ್ನಾಗಿಯೇ ನಿಲ್ಲುತ್ತದೆ. ವೇಗದ ತಿರುವಿನಲ್ಲಿ ಹಿಂಭಾಗ ಓಲಾಡುತ್ತದೆ. ಜೊತೆಗೆ ಚಾಸಿ ಒಂದು ಸಲ ಕತ್ತರಿಸಿದರೆ ಮುಗಿಯಿತು, ಇನ್ನೊಂದು ಹುಡುಕಬೇಕು, ಆ ಇನ್ನೊಂದರ ಮೇಲೆ ನಿಮ್ಮ ಚಾಸಿ ನಂಬರ್ ಇರುವುದಿಲ್ಲ. ಕಾಗದಪತ್ರ, ಬೆಲೆ ಎರಡೂ ಆ ನಂಬರಿಗೆ ಅಂಟಿಕೊಂಡಿರುತ್ತವೆ. ಚಿಕ್ಕ ಸೀಟೇ ಬೇಕಾದರೆ ಹಳೇ ಬೋಲ್ಟ್ ತೂತುಗಳಿಗೇ ಸರಿಯಾಗಿ ಕೂರುವ ತಟ್ಟೆ ಮಾಡಿಸಿ ಅದರ ಮೇಲೆ ಕಟ್ಟಿಸಿ. ಕೆಲಸ ಜಾಸ್ತಿ, ಆದರೆ ಆಗುತ್ತದೆ.

ಮುಂದಿನ ಫೋರ್ಕ್ ಕೊಳವೆಗಳನ್ನು ಮೇಲಕ್ಕೆ ಎಳೆದು ಗಾಡಿಯ ಮುಂಭಾಗ ತಗ್ಗಿಸುವುದೂ ಬಿಚ್ಚಿ ಕಟ್ಟುವಂಥದ್ದೇ. ಅದನ್ನು ಕೆಲವೇ ಮಿಲಿಮೀಟರ್‌ಗಳಷ್ಟು ಮಾಡಿ, ಓಡಿಸಿ ನೋಡಿ. ಹ್ಯಾಂಡಲ್ ಚುರುಕಾಗುತ್ತದೆ, ಅತಿಯಾದರೆ ವೇಗದಲ್ಲಿ ನಡುಗುತ್ತದೆ.

ಬಣ್ಣದ ಬಗ್ಗೆ ನನ್ನದು ಒಂದೇ ಮಾತು. ಟ್ಯಾಂಕಿನ ಮೇಲೆ ಕಂಪನಿ ಹೊಡೆದ ಬಣ್ಣ, ಕೈಯಲ್ಲಿ ಎಳೆದ ಗೆರೆ ಇನ್ನೂ ಉಳಿದಿದ್ದರೆ ಪಾಲಿಶ್ ಮಾಡಿ ಬಿಟ್ಟುಬಿಡಿ, ಅಲ್ಲಲ್ಲಿ ಮಾಸಿದ್ದರೂ ಸರಿ. ಟ್ಯಾಂಕಿನ ಒಳಗಿನ ತುಕ್ಕಿಗೆ ಸಿಟ್ರಿಕ್ ಆಸಿಡ್ ಬೆರೆಸಿದ ನೀರು ತುಂಬಿ ಒಂದು ದಿನ ಬಿಡಿ. ತೊಳೆದ ಮೇಲೆ ಅಡಿಗೆ ಸೋಡಾ ನೀರಿನಲ್ಲಿ ಜಾಲಿಸಿ ಕೂಡಲೇ ಒಣಗಿಸಿ. ತಡಮಾಡಿದರೆ ಕಣ್ಣೆದುರೇ ಹೊಸ ತುಕ್ಕು ಹಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದ್ದರೆ ಹಳೇ ರಬ್ಬರ್ ಪೈಪು, ಸೀಲುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿ.

ಇಷ್ಟು ಹೇಳಿದ ಮೇಲೆ ಕೆಲವರು ಮುಖ ಸಣ್ಣ ಮಾಡಿಕೊಂಡು ಇನ್ನೊಂದು ಕೇಳುತ್ತಾರೆ. "ನನ್ನ ಗಾಡಿ ಚಾಸಿ ಯಾರೋ ಮೊದಲೇ ಕತ್ತರಿಸಿಬಿಟ್ಟಿದ್ದಾರೆ, ಈಗೇನು ಮಾಡಲಿ?" ಬೇಜಾರು ಬೇಡ, ಮನಸ್ಸಿಗೆ ಬಂದ ಹಾಗೆ ಕಟ್ಟಲು ಅದೇ ಸರಿಯಾದ ಗಾಡಿ. ಕಾಪಾಡಬೇಕಾದ ಹಳೇ ರೂಪ ಅದರಲ್ಲಿ ಉಳಿದಿಲ್ಲ. ಮೊದಲು ಬೆಸುಗೆಯ ಮೇಲಿನ ಬಣ್ಣ ಕೆರೆದು ಬಿರುಕು ಇದೆಯಾ ನೋಡಿ. ಆಮೇಲೆ ಹಿಂದಿನ ಚಕ್ರಕ್ಕೆ ಎರಡೂ ಬದಿಯಿಂದ ತಾಗುವ ಹಾಗೆ ದಾರ ಎಳೆದು ಮುಂದಿನ ಚಕ್ರದವರೆಗೆ ತನ್ನಿ. ಹ್ಯಾಂಡಲ್ ನೇರ ಇಟ್ಟಾಗ ಮುಂದಿನ ಚಕ್ರಕ್ಕೂ ದಾರಕ್ಕೂ ನಡುವಿನ ಅಂತರ ಎರಡೂ ಕಡೆ ಒಂದೇ ಇರಬೇಕು. ವ್ಯತ್ಯಾಸ ಕಂಡರೆ ಮೊದಲು ಹಿಂದಿನ ಚಕ್ರದ ಚೈನ್ ಅಡ್ಜಸ್ಟರ್ ಎರಡೂ ಬದಿ ಸಮ ಇದೆಯಾ ನೋಡಿ. ಅದು ಸರಿ ಇದ್ದೂ ದಾರ ಒಂದು ಕಡೆಗೇ ಹೋಗುತ್ತಿದ್ದರೆ ಚಾಸಿ ಸೊಟ್ಟಗಿರಬಹುದು. ಚಾಸಿ ನೇರ ಮಾಡುವವರ ಹತ್ತಿರ ತೋರಿಸಿ, ಸೀಟಿನ ವಿಚಾರ ಅದಾದ ಮೇಲೆ.