ಕ್ಯಾಮೆರಾ ಐತ್ರಿ ಅಕ್ಕ

ಇವತ್ತು ಬಳ್ಳಾರಿಯ ಬೆಂಗಳೂರು ರೋಡಿನ ಒಂದು ಬಟ್ಟೆ ಅಂಗಡಿ. ಸೀರೆ ತೋರಿಸುತ್ತಿದ್ದ ಹುಡುಗಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕ್ತಾ ನಿಂತಿದ್ದಳು. ಹಿಂದೆ ಪ್ಲಾಸ್ಟಿಕ್ ಸ್ಟೂಲ್ ಇತ್ತು. ಅದರ ಮೇಲೆ ಬ್ಲೌಸ್ ಪೀಸಿನ ಡಬ್ಬಗಳು.

"ಸ್ವಲ್ಪ ಕೂತ್ಕೋಮ್ಮಾ" ಅಂದೆ.

"ಕ್ಯಾಮೆರಾ ಐತ್ರಿ ಅಕ್ಕ" ಅಂದಳು, ತಲೆ ಎತ್ತದೆನೇ.

ಹೆಂಡತಿ ಸೀರೆ ಆರಿಸೋವರೆಗೆ ಕಾಯುವ ಗಂಡಂದಿರಿಗೆ ಮಾತ್ರ ಮೆತ್ತನೆ ಸೋಫಾ! (ಒಬ್ಬರು ಗೊರಕೆ ಹೊಡೀತಿದ್ದರು.)

ಕಾರ್ಖಾನೆಯಲ್ಲಿ ನಿಂತು ದುಡಿಯುವವರಿಗೆ ಕೂರೋ ವ್ಯವಸ್ಥೆ ಇರಬೇಕು ಅಂತ 1948ರ ಕಾಯ್ದೆಯಲ್ಲೇ ಇತ್ತು. ಅಂಗಡಿಗಳಿಗೆ ಅದೇ ನಿಯಮವನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ತಂದವು. ಕೇರಳದಲ್ಲಿ ಅದಕ್ಕಾಗಿ ಹೋರಾಡಿದ್ದು ಬಟ್ಟೆ ಅಂಗಡಿಯ ಹೆಣ್ಣುಮಕ್ಕಳೇ.

ಕೂತಿದ್ರೆ ಗಿರಾಕಿಗಳು ಸೋಮಾರಿ ಅಂದ್ಕೋತಾರೆ ಅನ್ನೋದು ಮಾಲೀಕರ ವಾದ. ಯಾವ ಗಿರಾಕಿ? ನಾನಂತೂ ಅಲ್ಲ. ಜನ ಬಂದಾಗ ಎದ್ದರಾಯಿತು, ಹೋದಾಗ ಕೂತರಾಯಿತು, ಅಲ್ವಾ? ಖರ್ಚೂ ಇಲ್ಲ, ಡಬ್ಬ ಇಳಿಸಿದ್ರೆ ಸಾಕು. ಕ್ಯಾಮೆರಾಕ್ಕೆ ದುಡ್ಡು ಹಾಕಿದವರಿಗೆ ಇದು ಜಾಸ್ತಿಯಾ?

ಬಳ್ಳಾರಿಯಲ್ಲಿ ಕೆಲಸದವರನ್ನ ಕೂರೋಕೆ ಬಿಡೋ ಅಂಗಡಿ ಯಾವುದಾದರೂ ಇದ್ರೆ ಹೇಳಿ. ದೀಪಾವಳಿ ಸೀರೆ ಅಲ್ಲೇ.